ಕಡಲಾಚೆ ಹುಟ್ಟಿದ ಕೂಸಿಗೆ ಒಂದು ವರ್ಷದ ಗಡುವು

ಕೇಳುಗರಿಗೆ ನಮಸ್ಕಾರ.

ದುಬೈಯಲ್ಲೋ ಡಬ್ಲಿನ್ನಿನಲ್ಲೋ ಮಗು ಹುಟ್ಟಿತು. ಅಪ್ಪ ಅಮ್ಮ ಇಬ್ಬರೂ ಭಾರತದ ಪ್ರಜೆಗಳು. ಹಾಗಾದರೆ ಮಗುವೂ ತಾನೇ ತಾನಾಗಿ ಭಾರತೀಯ ತಾನೆ? ಅಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಹೆತ್ತವರ ಪೌರತ್ವವೊಂದೇ ಸಾಲದು. 1955ರ ಪೌರತ್ವ ಕಾಯ್ದೆಯ 4ನೇ ಕಲಮಿನ ಪ್ರಕಾರ, ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಆಗಬೇಕು. ವರ್ಷ ದಾಟಿತೋ, ಕೇಂದ್ರ ಸರ್ಕಾರದ ಅನುಮತಿ ಬೇಕು. ತಡವಾದದ್ದಕ್ಕೆ ಕಾರಣ ಬರೆದುಕೊಟ್ಟು ಕಾಯಬೇಕು.

ಹೆತ್ತವರಲ್ಲಿ ಒಬ್ಬರು ಭಾರತೀಯರಾಗಿದ್ದರೂ ಸಾಕು. ಆದರೆ ಲೆಕ್ಕಕ್ಕೆ ಬರುವುದು ಮಗು ಹುಟ್ಟಿದ ದಿನದ ಸ್ಥಿತಿ. ಅದಕ್ಕೂ ಮೊದಲೇ ಇಬ್ಬರೂ ಬೇರೆ ದೇಶದ ಪೌರತ್ವ ಪಡೆದಿದ್ದರೆ ಈ ದಾರಿ ಮುಚ್ಚಿದ ಹಾಗೆ.

ಕೆಲಸ ಶುರುವಾಗುವುದು ಸ್ಥಳೀಯ ಜನನ ಪ್ರಮಾಣಪತ್ರದಿಂದ. ಆಸ್ಪತ್ರೆ ಕೊಡುವ ಚೀಟಿ ಬೇರೆ, ಅಲ್ಲಿನ ಸರ್ಕಾರ ಕೊಡುವ ಪ್ರಮಾಣಪತ್ರ ಬೇರೆ. ದೂತಾವಾಸಕ್ಕೆ ಬೇಕಾದದ್ದು ಎರಡನೆಯದು. ಅದು ಕೈಗೆ ಬಂದ ಕೂಡಲೇ, ಕೌಂಟರ್ ಬಿಟ್ಟು ಕದಲುವ ಮೊದಲೇ, ಹೆತ್ತವರ ಹೆಸರಿನ ಒಂದೊಂದು ಅಕ್ಷರವನ್ನೂ ಪಾಸ್‌ಪೋರ್ಟಿನ ಜೊತೆ ಹೋಲಿಸಿ ನೋಡಿ. ನಮ್ಮವರು ಎಡವುವುದು ಇಲ್ಲೇ. ನಮ್ಮಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇನಿಷಿಯಲ್ ಇರುತ್ತದೆ. ಒಂದು ದಾಖಲೆಯಲ್ಲಿ ಅದು ಊರಿನ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಇನ್ನೊಂದರಲ್ಲಿ ಅಪ್ಪನ ಹೆಸರಾಗಿರುತ್ತದೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ತವರಿನ ಹೆಸರು, ಆಸ್ಪತ್ರೆಯ ಫಾರಂನಲ್ಲಿ ಗಂಡನ ಮನೆಯ ಹೆಸರು. ಹೀಗಾದರೆ ಅರ್ಜಿ ವಾಪಸ್ ಬರುತ್ತದೆ, ತಿದ್ದಿಸಲು ಮತ್ತೆ ಸ್ಥಳೀಯ ಕಚೇರಿಗೇ ಹೋಗಬೇಕು. ಮಗುವಿಗೆ ಸರ್‌ನೇಮ್ ಏನೆಂದು ಹೆರಿಗೆಗೆ ಮೊದಲೇ ತೀರ್ಮಾನಿಸಿಡಿ. ನಾಮಕರಣದವರೆಗೆ ಕಾದರಾಯಿತು ಎಂದು ಹೆಸರಿನ ಜಾಗ ಖಾಲಿ ಬಿಟ್ಟವರು ಆಮೇಲೆ ತಿಂಗಳುಗಟ್ಟಲೆ ಅಲೆದದ್ದುಂಟು.

ಇನ್ನೊಂದು ಕಾಗದ ಮದುವೆಯ ಪ್ರಮಾಣಪತ್ರ. ಛತ್ರದ ರಸೀದಿ, ಲಗ್ನಪತ್ರಿಕೆ ನಡೆಯುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯದ್ದೇ ಬೇಕು. ಕೊಲ್ಲಿ ದೇಶಗಳಲ್ಲಂತೂ ಮಗುವಿನ ಸ್ಥಳೀಯ ನೋಂದಣಿಗೇ ಇದನ್ನು ಕೇಳುತ್ತಾರೆ, ಅದೂ ದೃಢೀಕರಣದ ಮುದ್ರೆಯ ಸಮೇತ. ಹಾಗಾಗಿ ಊರಿನಿಂದ ಹೊರಡುವಾಗಲೇ ಮಾಡಿಸಿಕೊಳ್ಳುವುದು ಜಾಣತನ.

ಆಮೇಲೆ ಗೃಹ ಸಚಿವಾಲಯದ ಪೌರತ್ವ ಜಾಲತಾಣದಲ್ಲಿ 2009ರ ಪೌರತ್ವ ನಿಯಮಗಳ ಫಾರಂ 1 ತುಂಬಿ, ಅದರ ಮುದ್ರಿತ ಪ್ರತಿಯನ್ನು ದೂತಾವಾಸಕ್ಕೆ ಕೊಡಬೇಕು. ಜನನ ಪ್ರಮಾಣಪತ್ರ ಬೇರೆ ಭಾಷೆಯಲ್ಲಿದ್ದರೆ ಇಂಗ್ಲಿಷ್ ಅನುವಾದ ಸೇರಿಸಬೇಕು. ಜೊತೆಗೆ ಒಂದು ಘೋಷಣೆ: ಮಗುವಿನ ಹತ್ತಿರ ಬೇರೆ ಯಾವ ದೇಶದ ಪಾಸ್‌ಪೋರ್ಟೂ ಇಲ್ಲ.

ಈ ಒಂದು ಸಾಲನ್ನು ಓದದೆ ಸಹಿ ಹಾಕಬೇಡಿ. ಕೊಲ್ಲಿಯಲ್ಲಿ ಹುಟ್ಟಿದ ಮಗುವಿಗೆ ಆ ದೇಶ ಹುಟ್ಟಿನ ಕಾರಣಕ್ಕೆ ಪೌರತ್ವ ಕೊಡುವುದಿಲ್ಲ, ಆದ್ದರಿಂದ ಅಲ್ಲಿ ಗೊಂದಲವಿಲ್ಲ. ಭಾರತದ್ದೂ ತಪ್ಪಿದರೆ ಮಗು ಯಾವ ದೇಶಕ್ಕೂ ಸೇರದೆ ಉಳಿದೀತು ಎಂಬುದಷ್ಟೇ ಭಯ. ಅಮೆರಿಕ, ಕೆನಡಾಗಳ ಕಥೆ ಬೇರೆ. ಅಲ್ಲಿ ಹುಟ್ಟಿದರೆ ಸಾಮಾನ್ಯವಾಗಿ ಆ ನೆಲದ ಪೌರತ್ವ ತಾನಾಗಿ ಬರುತ್ತದೆ. ಅಲ್ಲಿನ ಪಾಸ್‌ಪೋರ್ಟ್ ಮಾಡಿಸಿಬಿಟ್ಟರೆ ಈ ಘೋಷಣೆಗೆ ಸಹಿ ಹಾಕುವ ಹಾಗಿಲ್ಲ. ಮಾಡಿಸದೆ ಭಾರತದ ಪಾಸ್‌ಪೋರ್ಟನ್ನೇ ಹಿಡಿದರೂ ತೊಡಕಿದೆ: ಅಮೆರಿಕದ ಪ್ರಜೆ ಆ ದೇಶಕ್ಕೆ ಬರುವಾಗಲೂ ಹೊರಡುವಾಗಲೂ ಅಮೆರಿಕದ ಪಾಸ್‌ಪೋರ್ಟನ್ನೇ ಬಳಸಬೇಕೆಂಬ ಕಾನೂನು ಅಲ್ಲಿದೆ. ಅದಕ್ಕೇ ಅಲ್ಲಿರುವ ಹೆಚ್ಚಿನವರು ಸ್ಥಳೀಯ ಪಾಸ್‌ಪೋರ್ಟ್ ಮಾಡಿಸಿ, ಮಗುವಿಗೆ ಓಸಿಐ ಕಾರ್ಡ್ ತೆಗೆಸುತ್ತಾರೆ. ಓಸಿಐ ಎಂದರೆ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ', ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್. ಹೆಸರಿನಲ್ಲಿ 'ಸಿಟಿಜನ್' ಎಂದಿದ್ದರೂ ಓಸಿಐ ಪೌರತ್ವವಲ್ಲ. ಮತದಾನವಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ.

ಜನನ ನೋಂದಣಿಯಾದ ಮಗುವಿಗೆ ಭಾರತದ ಪಾಸ್‌ಪೋರ್ಟ್ ಪ್ರತ್ಯೇಕ ಅರ್ಜಿ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ ಎನ್ನುವುದು ನೆನಪಿರಲಿ.

ನೋಂದಾಯಿಸದೆ ಊರಿಗೆ ಮರಳಿದವರು ಒಂದು ಅರೆಸತ್ಯವನ್ನು ಕೇಳಿರುತ್ತಾರೆ: ಬಂದ 60 ದಿನದೊಳಗೆ ಇಲ್ಲೇ ನೋಂದಾಯಿಸಬಹುದಂತೆ. ನೆಲೆಸಲೆಂದೇ ಮರಳಿದವರಿಗೆ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಅಂಥ ಅವಕಾಶ ಇರುವುದು ನಿಜ. ಆದರೆ ಅದು ಜನನದ ದಾಖಲೆಯ ಮಾತು. ಪೌರತ್ವ ಕಾಯ್ದೆ ಕೇಳುವ ದೂತಾವಾಸದ ನೋಂದಣಿಗೆ ಅದು ಬದಲಿಯಲ್ಲ.

ಕೊನೆಗೊಂದು ತಾರೀಕು. ಹುಟ್ಟಿನಿಂದ ಎರಡೂ ದೇಶದ ಪೌರತ್ವವಿರುವ ಮಗು 18 ತುಂಬಿದ ಮೇಲೆ ಆರು ತಿಂಗಳೊಳಗೆ ಆ ಇನ್ನೊಂದು ದೇಶದ್ದನ್ನು ಬಿಟ್ಟುಕೊಡಬೇಕು. ಬಿಡದಿದ್ದರೆ ಹೋಗುವುದು ಭಾರತದ್ದು, ಅದೂ ಯಾರೂ ನೋಟಿಸ್ ಕೊಡದೆ. ನಮಸ್ಕಾರ.