ನಮ್ಮವ್ವ ಅದಕ್ಕೆ ಡೊಳ್ಳೊಲೆ ಅಂದಳು

ಕಲಬುರಗಿಯಲ್ಲಿ ಎರಡೇ ಕಾಲ ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ. ಅಂಥ ಊರಲ್ಲಿ ಕೂತು ನಾನಿವತ್ತು ಚಳಿ ಕಾಯಿಸಿಕೊಳ್ಳುವ ಒಲೆಯ ಬಗ್ಗೆ ಮಾತಾಡುತ್ತೇನೆ. ನಕ್ಕವರು ನಕ್ಕುಬಿಡಿ, ಪರವಾಗಿಲ್ಲ.

ಆದರೆ ಡಿಸೆಂಬರ್‌ನಲ್ಲಿ ತೊಗರಿ ರಾಶಿ ಕಾಯೋಕೆ ಕಣದಲ್ಲಿ ಮಲಗಿದವರನ್ನು ಒಮ್ಮೆ ಕೇಳಿ. ಮೇ ತಿಂಗಳಲ್ಲಿ 43, 44 ಡಿಗ್ರಿ ಸುಡುವ ಇದೇ ನೆಲ ಆಗ ಬೆಳಗಿನ ಜಾವಕ್ಕೆ ಹಲ್ಲು ಕಟಕಟ ಅನ್ನಿಸುತ್ತದೆ. ಬೀದರ್‌ನವರ ಕಥೆ ಇನ್ನೂ ಜೋರು. ಅವರ ಊರು ನಮಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ಸ್ವೆಟರ್ ಹಾಕಿದವರನ್ನು ಯಾರೂ ಕಿಚಾಯಿಸುವುದಿಲ್ಲ. ವರ್ಷಕ್ಕೆ ಎರಡು, ಎರಡೂವರೆ ತಿಂಗಳು ನಮಗೂ ಬೆಂಕಿ ಬೇಕು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಉಂಡು, ಸಂಜೆ ತನಕ ಅಲ್ಲೇ ಇದ್ದವರಿಗೆ ಇದು ಗೊತ್ತು. ಹೊತ್ತು ಮುಳುಗಿದ ಮೇಲೆ ಎಲ್ಲರೂ ತಾವಾಗಿಯೇ ಬೆಂಕಿ ಸುತ್ತ ಬಂದು ಕೂರುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ತೋಟದ ಮನೆ ಕಟ್ಟಿಸಿದವರ ಫೋಟೋಗಳಲ್ಲಿ ಇತ್ತೀಚೆಗೆ ಒಂದು ವಸ್ತು ಕಾಣುತ್ತದೆ. ದುಂಡನೆ ಹೊಟ್ಟೆ, ಹೊಟ್ಟೆಯಲ್ಲೊಂದು ಬಾಯಿ, ತಲೆ ಮೇಲೆ ಗಿಡ್ಡ ಕೊಳವೆ, ಕೆಳಗೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್. ಹೆಸರು ಚಿಮಿನಿಯಾ. ಮೆಕ್ಸಿಕೋ ದೇಶದ್ದು. ಅಲ್ಲಿ ನೂರಾರು ವರ್ಷಗಳಿಂದ ಮಣ್ಣಿನಲ್ಲಿ ಮಾಡುತ್ತಿದ್ದಾರೆ. ಮೊದಲು ಅದು ತೋಟದ ಶೋಕಿ ಆಗಿರಲಿಲ್ಲ. ಮನೆ ಬೆಚ್ಚಗಿಡುವುದಕ್ಕೆ, ರೊಟ್ಟಿ ಬೇಯಿಸುವುದಕ್ಕೆ ಬಳಸುತ್ತಿದ್ದರು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಹೊಗೆಕೊಳವೆ ಅಂತ ಅರ್ಥ, ಅಷ್ಟೇ.

ನಮ್ಮವ್ವನಿಗೆ ಹೆಸರು ಹೇಳಿದೆ. ಆಕೆ ಕೇಳಿಸಿಕೊಂಡಿದ್ದು ಚಿಮಣಿ. "ಚಿಮಣಿ ಎಣ್ಣಿ ಈಗ ಎಲ್ಲಿ ಸಿಗತದಪ್ಪಾ?" ಅಂದಳು. ತಪ್ಪು ಅವಳದಲ್ಲ. ನಮ್ಮ ಕಡೆ ಚಿಮಣಿ ಎಂದರೆ ಸೀಮೆಎಣ್ಣೆ ದೀಪ. ಮಜಾ ಏನೆಂದರೆ, ಆ ಚಿಮಣಿ, ಈ ಚಿಮಿನಿಯಾ, ಇಂಗ್ಲಿಷಿನ ಚಿಮ್ನಿ ಎಲ್ಲವೂ ಒಂದೇ ಬಳ್ಳಿಯ ಪದಗಳು. ಪೆಟ್ಟಿಗೆ ಬಿಚ್ಚಿ ತೋರಿಸಿದ ಮೇಲೆ ಆಕೆ ಒಮ್ಮೆ ಸುತ್ತಲೂ ನೋಡಿ, "ಡೊಳ್ಳೊಲಿ" ಅಂದಳು. ಡೊಳ್ಳು ಹೊಟ್ಟೆಯ ಒಲೆ. ಅಂದಿನಿಂದ ನಮ್ಮ ಮನೆಯಲ್ಲಿ ಅದು ಡೊಳ್ಳೊಲೆ. ನಾನೂ ಹಾಗೇ ಕರೆಯುತ್ತೇನೆ.

ಹೌದು, ಆನ್‌ಲೈನ್‌ನಲ್ಲಿ ತರಿಸಿದ್ದೆ. ಎಷ್ಟು ಕೊಟ್ಟೆ ಅಂತ ಕೇಳಬೇಡಿ, ಮನೆಯವರು ಈ ವಿಡಿಯೋ ನೋಡುತ್ತಾರೆ. ಹೊಸ ವರ್ಷದ ಹಿಂದಿನ ರಾತ್ರಿ, ಆಳಂದ ರಸ್ತೆಯ ಹೊಲದಲ್ಲಿ, ಆರು ಜನ ಗೆಳೆಯರು. ಒಂದು ವಾರದ ಹಿಂದೆ ಅಡ್ಡಮಳೆ ಬಂದಿತ್ತು. ಒಲೆ ಬಯಲಲ್ಲೇ ನೆನೆದಿತ್ತು. ಹೊರಗೆ ಒಣಗಿದ ಹಾಗೆ ಕಾಣುತ್ತಿತ್ತು. ಗೆಳೆಯರು ತೊಗರಿ ಕಟ್ಟಿಗೆಯನ್ನು ಬಾಯಿ ತುಂಬ ತುರುಕಿ ಕಡ್ಡಿ ಗೀರಿದರು. ತೊಗರಿ ಕಟ್ಟಿಗೆ ಗೊತ್ತಲ್ಲ, ಭರ್ರನೆ ಹತ್ತುತ್ತದೆ. ಕೊಳವೆಯಿಂದ ಉರಿ ಆಳೆತ್ತರ ಎದ್ದಿತು. ಎಲ್ಲರೂ ಮೊಬೈಲ್ ತೆಗೆದರು. ಹತ್ತು ನಿಮಿಷ ಆಗಿರಬಹುದು, "ಫಟ್" ಅಂತ ಒಂದು ಸದ್ದು. ಬಾಯಿಯ ಮೇಲಿಂದ ಕತ್ತಿನ ತನಕ ಬಿರುಕು. ಒಬ್ಬ ಗಾಬರಿಯಾಗಿ ಬಾಟಲಿ ನೀರು ಸುರಿದ. ಆಮೇಲೆ ಅದು ಎರಡು ಹೋಳು.

ಮಾರಿದವರಿಗೆ ಬೈದೆ. ಎರಡು ದಿನ ಬೈದೆ. ಅವರು ಜೊತೆಗೆ ಕೊಟ್ಟ ಚೀಟಿಯಲ್ಲಿ ಹೇಗೆ ಹಚ್ಚಬೇಕು ಎಂದು ಒಂದು ಸಾಲೂ ಇರಲಿಲ್ಲ, ಹಾಗಾಗಿ ಆ ಬೈಗುಳ ಪೂರ್ತಿ ಅನ್ಯಾಯವೇನಲ್ಲ. ಮೂರನೇ ದಿನ ಹೋಳು ಗಾಡಿಯಲ್ಲಿ ಹಾಕಿಕೊಂಡು ನಮಗೆ ರಂಜಣಗಿ, ಅಂದರೆ ಕುಡಿಯುವ ನೀರಿನ ಮಣ್ಣಿನ ಕೊಡ, ಕೊಡುವ ಕುಂಬಾರ ಕಾಕಾರ ಹತ್ತಿರ ಹೋದೆ. ಅವರು ಒಡೆದ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಕೇಳಿದರು, "ತಮ್ಮಾ, ಮನ್ಯಾಗ ಹೊಸ ಗಡಿಗಿ ತಂದ್ರ ಅವತ್ತೇ ಒಲಿ ಮ್ಯಾಲ ಇಡ್ತಾರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಸ ಗಡಿಗೆಯನ್ನು ಅವ್ವ ನೀರಲ್ಲಿ ನೆನೆಹಾಕಿ, ಒಣಗಿಸಿ, ಗಂಜಿ ಕಾಯಿಸಿ, ಸಣ್ಣ ಉರಿಯಲ್ಲಿ ನಾಲ್ಕು ದಿನ ಪಳಗಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಐವತ್ತು ರೂಪಾಯಿ ಗಡಿಗೆಗೆ ಅಷ್ಟು ಮರ್ಯಾದೆ. ಸಾವಿರಾರು ರೂಪಾಯಿಯ ಡೊಳ್ಳೊಲೆಗೆ ಮೊದಲ ದಿನವೇ ಹೋಳಿ ಹುಣ್ಣಿಮೆ!

ಇವತ್ತು ನಾನು ಹೇಳಬೇಕೆಂದಿರುವುದು ಇದೇ. ಈ ಒಲೆಯನ್ನು ನಾವು ಫರ್ನಿಚರ್ ಅಂದುಕೊಂಡು ಕೊಳ್ಳುತ್ತೇವೆ. ಅದು ಗಡಿಗೆ. ಗಡಿಗೆಯ ಹಾಗೆ ನಡೆಸಿಕೊಂಡರೆ ಬಾಳುತ್ತದೆ. ಅದನ್ನು ಮಾಡಿಸಬೇಕಾದದ್ದೂ ಗಡಿಗೆ ಮಾಡುವವರ ಹತ್ತಿರವೇ.

ಒಡೆದದ್ದು ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಪಿಂಗಾಣಿಯಲ್ಲ. ಕಡಿಮೆ ಕಾವಿನಲ್ಲಿ ಸುಟ್ಟ ಮಣ್ಣು, ಮೈತುಂಬ ಕಣ್ಣಿಗೆ ಕಾಣದ ತೂತು. ಆ ತೂತುಗಳಿಂದ ನೀರು ಜಿನುಗುವುದರಿಂದಲೇ ಬೇಸಿಗೆಯಲ್ಲಿ ರಂಜಣಗಿ ನೀರು ತಂಪು. ಅದೇ ತೂತುಗಳು ಮಳೆ ನೀರನ್ನೂ ಕುಡಿಯುತ್ತವೆ. ಒಳಗೆ ನೀರು ಕೂತಿರುವಾಗ ಜೋರು ಬೆಂಕಿ ಹಚ್ಚಿದರೆ ಆ ನೀರು ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಹೊರಗೆ ಹೋಗಲು ಪುರುಸೊತ್ತು ಕೊಡದಿದ್ದರೆ ಗೋಡೆ ಒಡೆದುಕೊಂಡೇ ಹೋಗುತ್ತದೆ. ಇನ್ನೊಂದು, ಒಳಮೈ ಕೆಂಡದ ಕಾವಿಗೆ ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗಿರುತ್ತದೆ. ಒಳಗಿನದು ತಳ್ಳುತ್ತದೆ, ಹೊರಗಿನದು ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಸೀಳುವುದು ಹೊರಮೈ. ಕೆಂಡವಾಗಿರುವಾಗ ನೀರು ಸುರಿದರೆ ಕೇಳುವುದೇ ಬೇಡ, ನಮ್ಮ ಗೆಳೆಯ ಅದನ್ನೂ ಮಾಡಿ ತೋರಿಸಿದ.

ಹಾಗಾದರೆ ಹದ ಮಾಡುವುದು ಹೇಗೆ? ಗಡಿಗೆಯಂತೆ ಇದನ್ನು ನೀರಲ್ಲಿ ನೆನೆಸಬಾರದು, ಅಲ್ಲಿ ದಾರಿ ಬೇರೆಯಾಗುತ್ತದೆ. ಇದಕ್ಕೆ ಒಣ ಹದ. ಹೊಟ್ಟೆಯ ತಳಕ್ಕೆ ಮರಳು ಹಾಕಿ, ಬಾಯಿಯ ಕೆಳ ಅಂಚಿಗೆ ಮೂರು ನಾಲ್ಕು ಬೆರಳು ಕಡಿಮೆ ಇರಲಿ. ಬೆಂಕಿ ಆ ಮರಳಿನ ಮೇಲೆ ಕೂರಬೇಕು, ಮಣ್ಣಿನ ಮೈಗೆ ನೇರ ತಾಗಬಾರದು. ಮೊದಲ ದಿನ ಬರೀ ಒಂದು ಹಿಡಿ ಚಕ್ಕೆ. ಅದು ಉರಿದು, ಆರಿ, ಒಲೆ ಪೂರ್ತಿ ತಣ್ಣಗಾಗಲಿ. ಮಾರನೇ ದಿನ ಇನ್ನೊಂದು ಚೂರು ಜಾಸ್ತಿ. ಹೀಗೆ ಐದಾರು ಸಲ. ಆಮೇಲೂ ಉರಿ ಕೊಳವೆಯಿಂದ ಹೊರಗೆ ನಾಲಗೆ ಚಾಚಿತೆಂದರೆ ಕಟ್ಟಿಗೆ ಜಾಸ್ತಿಯಾಯಿತು ಅಂತಲೇ ಅರ್ಥ. ಫೋಟೋ ಚೆನ್ನಾಗಿ ಬರುತ್ತದೆ, ಒಲೆ ಹೋಗುತ್ತದೆ.

ಕಟ್ಟಿಗೆ ವಿಚಾರದಲ್ಲಿ ನಾವು ಪುಣ್ಯವಂತರು. ತೊಗರಿ ಕಣಜ ಎನ್ನುವ ಹೆಸರು ಸುಮ್ನೆ ಬಂದಿಲ್ಲ. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ರಾಶಿ ಮುಗಿಯುವ ಹೊತ್ತಿಗೆ ಸರಿಯಾಗಿ ಚಳಿ, ಕೈತುಂಬ ಕಟ್ಟಿಗೆ. ಆದರೆ ಅದನ್ನು ಬೆಂಕಿ ಹಿಡಿಸುವುದಕ್ಕೆ ಮಾತ್ರ ಬಳಸಿ. ಹತ್ತಿದ ಮೇಲೆ ಎರಡೇ ಎರಡು ಜಾಲಿ ತುಂಡು ಇಟ್ಟರೆ ಸಾಕು, ಕೆಂಡ ರಾತ್ರಿ ಊಟ ಮುಗಿಯುವ ತನಕ ನಿಲ್ಲುತ್ತದೆ. ಮೆಕ್ಸಿಕೋ ಕಡೆ ಸೊಳ್ಳೆ ಓಡಿಸಲು ಪಿನ್ಯೋನ್ ಎನ್ನುವ ಪೈನ್ ಜಾತಿಯ ಕಟ್ಟಿಗೆ ಹಾಕುತ್ತಾರಂತೆ. ನಮ್ಮಲ್ಲಿ ದನದ ಕೊಟ್ಟಿಗೆಗೆ ಬೇವಿನ ಸೊಪ್ಪಿನ ಹೊಗೆ ಹಾಕುವುದಿಲ್ಲವೇ? ಅದೇ ಲೆಕ್ಕ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕಣದ ಹತ್ತಿರ, ತೊಗರಿ ಬಣವೆಯ ಹತ್ತಿರ ಇದನ್ನು ಹಚ್ಚಬೇಡಿ. ಕೊಳವೆಯ ಬಾಯಿಗೆ ತಂತಿ ಜಾಳಿಗೆ ಕಟ್ಟಿದ್ದರೂ ಬೇಡ. ಒಂದು ಕಿಡಿ ಸಾಕು, ವರ್ಷದ ಬೆವರು ಬೂದಿ. ಇನ್ನು ಚಳಿ ಜಾಸ್ತಿಯಾಯಿತೆಂದು ಕೆಂಡ ತುಂಬಿದ ಒಲೆಯನ್ನೋ ಶೆಗಡಿಯನ್ನೋ ಕೋಣೆಯೊಳಗೆ ಇಟ್ಟುಕೊಂಡು, ಬಾಗಿಲು ಹಾಕಿ ಮಲಗುವವರಿದ್ದಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಇದು ಅಂಗಳದ ಒಲೆ, ಅಂಗಳದಲ್ಲೇ ಇರಲಿ.

"ಕಬ್ಬಿಣದ್ದು ತಗೊಂಡ್ರೆ ಆಯ್ತಲ್ಲ, ಒಡೆಯೋ ತಲೆನೋವೇ ಇಲ್ಲ" ಅಂತ ನನಗೆ ಹೇಳಿದವರು ಬಹಳ. ನಿಜ, ಒಡೆಯುವುದಿಲ್ಲ. ತುಕ್ಕು ಹಿಡಿಯುತ್ತದೆ, ಅದು ಬೇರೆ ಮಾತು. ನನ್ನ ತಕರಾರು ಬೇರೆಯೇ. ಕಬ್ಬಿಣ ಬೇಗ ಕಾಯುತ್ತದೆ, ಬೇಗ ಆರುತ್ತದೆ, ಹತ್ತಿರ ಕೂರಲು ಬಿಡುವುದಿಲ್ಲ. ಮಣ್ಣು ನಿಧಾನ. ಬೆಂಕಿ ಸಣ್ಣಗಾದ ಮೇಲೂ ಅದರ ಹೊಟ್ಟೆ ತುಂಬ ಹೊತ್ತು ಬೆಚ್ಚಗಿರುತ್ತದೆ. ಬಯಲು ಬೆಂಕಿಯಲ್ಲಿ ಹೊಗೆ ಯಾರ ಮುಖಕ್ಕೆ ಹೊಡೆಯುತ್ತದೆ ಎಂದು ಗಾಳಿ ತೀರ್ಮಾನ ಮಾಡುತ್ತದೆ. ಇಲ್ಲಿ ಬಿಸಿಗಾಳಿ ಕೊಳವೆಯಲ್ಲಿ ಮೇಲೇರುತ್ತದೆ, ಬಾಯಿಯಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ, ಹೊಗೆ ನಮ್ಮ ತಲೆಯ ಮೇಲಿಂದ ಹೋಗುತ್ತದೆ.

ಪಕ್ಕದ ಮನೆಯ ತಲೆಯ ಮೇಲಿಂದಲೂ ಹೋಗುತ್ತದಾ? ಅದಕ್ಕೇ ಹೇಳುವುದು, 30–40 ಸೈಟಿನಲ್ಲಿ ಮನೆ ಇದ್ದರೆ ಈ ಆಸೆ ಬಿಟ್ಟುಬಿಡಿ. ಅವರ ಅಂಗಳದಲ್ಲಿ ಒಣಹಾಕಿದ ಬಟ್ಟೆ ಇರುತ್ತದೆ, ದಮ್ಮಿನ ಅಜ್ಜ ಇರುತ್ತಾರೆ. ಹೊಲ ಇದ್ದವರಿಗೆ, ದೊಡ್ಡ ಹಿತ್ತಲು ಇದ್ದವರಿಗೆ ಮಾತ್ರ ಇದು.

ಕುಂಬಾರ ಕಾಕಾರ ಕಡೆ ವಾಪಸ್ ಬರುತ್ತೇನೆ. ಆ ಹೋಳುಗಳನ್ನು ನೋಡಿ ಅವರು, "ಇದೇನು ದೊಡ್ಡದು, ರಂಜಣಗಿ ಹೊಟ್ಟಿಗೆ ಬಾಯಿ ಕೊಯ್ದು ಮ್ಯಾಲ ಕುತ್ತಿಗಿ ಕೂಡಿಸಿದ್ರ ಆತು" ಅಂದರು. ಅಂದಷ್ಟು ಸುಲಭ ಆಗಲಿಲ್ಲ. ರಂಜಣಗಿಯ ಗೋಡೆ ತೆಳು. ಇದಕ್ಕೆ ಹೆಚ್ಚುಕಡಿಮೆ ಒಂದು ಇಂಚು ದಪ್ಪ ಬೇಕು. ದಪ್ಪ ಗೋಡೆ ಒಳಗೆ ಒಣಗುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅವಸರ ಮಾಡಿದರೆ ಗಡಿಗೆ ಸುಡುವ ಭಟ್ಟಿಯಲ್ಲೇ, ಅಂದರೆ ಆವಿಗೆಯಲ್ಲೇ ಸಿಡಿಯುತ್ತದೆ. ಮಣ್ಣೂ ಸುಲಭವಲ್ಲ. ನಮ್ಮ ಎರೆಮಣ್ಣು ಒಂದೇ ಹಾಕಿದರೆ ಬೇಸಿಗೆಯ ಹೊಲದ ಹಾಗೆ ಬಿರಿಯುತ್ತದೆ. ಅವರು ಕೆರೆಮಣ್ಣಿಗೆ ಮರಳು, ಬೂದಿ, ಲದ್ದಿ ಕಲಸಿದರು. ಸುಡುವಾಗ ಲದ್ದಿ ಉರಿದುಹೋಗಿ ಸಣ್ಣ ಸಣ್ಣ ಸಂದು ಉಳಿಯುತ್ತದೆ. ಮುಂದೆ ಕಾವಿಗೆ ಹಿಗ್ಗಿದಾಗ ಮಣ್ಣಿಗೆ ಅದೇ ಸಡಿಲ.

ಮೂರು ಮಾಡಿದರು. ಒಂದು ಆವಿಗೆಯಲ್ಲೇ ಒಡೆಯಿತು. ಮೂರಕ್ಕೂ ದುಡ್ಡು ಕೊಟ್ಟೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಆನ್‌ಲೈನ್‌ನಲ್ಲಿ ತಂದು ನಾನೇ ಒಡೆದದ್ದಕ್ಕೆ ಮರುಮಾತಿಲ್ಲದೆ ದುಡ್ಡು ಕಟ್ಟಿದ್ದೆ. ಕಾಕಾ ನನಗಾಗಿ ಹೊಸದು ಕಲಿಯುತ್ತಿರುವಾಗ ಒಡೆದರೆ ಚೌಕಾಸಿ ಮಾಡುವುದೇ? ಅವರಿಗೆ ಬೇಸಿಗೆಯಲ್ಲಿ ರಂಜಣಗಿ ವ್ಯಾಪಾರ, ದೀಪಾವಳಿಗೆ ಪಣತಿ. ಆಮೇಲೆ ಚಳಿಗಾಲದಲ್ಲಿ ಗಡಿಗೆ ತಿರುಗಿಸುವ ಚಕ್ರ, ತಿಗರಿ, ಸುಮ್ನೆ ಕೂತಿರುತ್ತದೆ. ಡೊಳ್ಳೊಲೆ ಬೇಕಾಗುವುದೂ ಅದೇ ಹೊತ್ತಿಗೆ.

ಉಳಿದ ಎರಡರಲ್ಲಿ ಆರಿಸಿಕೋ ಎಂದರು. ನಾನು ಬಣ್ಣ ನೋಡುತ್ತಿದ್ದೆ. ಅವರು ಬೆರಳು ಮಡಿಚಿ ಎರಡಕ್ಕೂ ಬಡಿದು ತೋರಿಸಿದರು. ಒಂದು "ಟಣ್" ಅಂದಿತು. ಇನ್ನೊಂದು "ಬದ್". ಬದ್ ಅಂದದ್ದರಲ್ಲಿ ಎಲ್ಲೋ ಕೂದಲೆಳೆ ಬಿರುಕಿದೆ, ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಮೇಲೆ ಹೊಳೆಯುವ ಪೇಂಟ್ ಬಳಿದ ಒಲೆ ಕೊಳ್ಳುವವರು ಇದೊಂದನ್ನು ನೆನಪಿಡಿ. ಪೇಂಟ್ ಬಿರುಕನ್ನು ಮುಚ್ಚಬಹುದು, ಸದ್ದನ್ನಲ್ಲ. ಆಗ ನನಗೆ ಕುಂಬಾರ ಗುಂಡಯ್ಯ ನೆನಪಾದರು. ಬೀದರ್ ಜಿಲ್ಲೆಯ ಭಾಲ್ಕಿಯ ಶರಣರು, 12ನೇ ಶತಮಾನದವರು. ಅವರು ಗಡಿಗೆ ಬಡಿಯುವ ತಾಳಕ್ಕೆ ಶಿವನೇ ಬಂದು ಕುಣಿದ ಎಂಬ ಕಥೆ ನಮಗೆಲ್ಲ ಗೊತ್ತು. ಚಿಕ್ಕವನಿದ್ದಾಗ ನನಗೊಂದು ಅನುಮಾನ ಇತ್ತು, ಕುಂಬಾರರು ಗಡಿಗೆಯನ್ನು ಯಾಕೆ ಬಡಿಯುತ್ತಾರೆ ಅಂತ. ನಲವತ್ತು ದಾಟಿದ ಮೇಲೆ ಗೊತ್ತಾಯಿತು.

ಟಣ್ ಅಂದದ್ದು ಈಗ ಹೊಲದಲ್ಲಿದೆ. ಮಳೆಗಾಲದಲ್ಲಿ ಶೆಡ್ಡಿನೊಳಗೆ ಇಡುತ್ತೇನೆ. ಕೆಳಗೆ ಶಹಾಬಾದ್ ಫರಸಿ ಹಾಕಿದ್ದೇನೆ, ಆದರೆ ಒಲೆ ಸ್ಟ್ಯಾಂಡಿನ ಮೇಲೆ ಕೂತಿದೆ. ಫರಸಿ ಮೇಲೆ ನೇರ ಬೆಂಕಿ ಹಾಕಿದರೆ ಕಲ್ಲಿನ ಚಕ್ಕೆ ಏಳುತ್ತದೆ, ಅದನ್ನೂ ಮಾಡಿ ನೋಡಿದ್ದಾಗಿದೆ. ಎರಡು ಚಳಿಗಾಲ ಕಳೆಯಿತು. ಕತ್ತಿನ ಹತ್ತಿರ ಒಂದು ಸಣ್ಣ ಗೆರೆ ಬಂದಿದೆ. ವಾರಕ್ಕೊಮ್ಮೆ ಪೆನ್ಸಿಲಿನಿಂದ ಅದರ ತುದಿಗೆ ಗುರುತು ಹಾಕುತ್ತೇನೆ. ಇನ್ನೂ ಮುಂದೆ ಹೋಗಿಲ್ಲ.

ಬದ್ ಅಂದದ್ದನ್ನು ಅವ್ವ ಬಿಡಲಿಲ್ಲ. ಹಿತ್ತಲಲ್ಲಿ ಇಟ್ಟುಕೊಂಡು ಅದರ ಬಾಯಲ್ಲಿ ಪುದಿನ ಬೆಳೆದಿದ್ದಾಳೆ.

ಕಾಕಾ ನಿಮಗೊಂದು ಪ್ರಶ್ನೆ ಕೇಳಲು ಹೇಳಿದ್ದಾರೆ. ಊರಲ್ಲಿ ಕುದುರೆ, ಕತ್ತೆ ಕಡಿಮೆಯಾಗಿ ಲದ್ದಿ ಸಿಗುತ್ತಿಲ್ಲ. ಯಾದಗಿರಿ ಕಡೆ, ಬೀದರ್ ಕಡೆ ಮಣ್ಣಿನ ಕೆಲಸ ಮಾಡುವವರು ಯಾರಾದರೂ ಅದರ ಬದಲು ಭತ್ತದ ಹೊಟ್ಟೋ ಜೋಳದ ರವದಿಯೋ ಕಲಸಿ ದಪ್ಪ ಗೋಡೆಯ ಸಾಮಾನು ಸುಟ್ಟಿದ್ದೀರಾ? ಸುಟ್ಟಿದ್ದರೆ ಎಷ್ಟಕ್ಕೆ ಎಷ್ಟು ಹಾಕಿದಿರಿ, ಒಡೆದದ್ದೆಷ್ಟು, ಉಳಿದದ್ದೆಷ್ಟು? ಬರೆದು ತಿಳಿಸಿ. ನಾನು ಓದಿ ಹೇಳುತ್ತೇನೆ, ಅವರ ಕೈ ಯಾವಾಗಲೂ ಮಣ್ಣಲ್ಲೇ ಇರುತ್ತದೆ, ಫೋನ್ ಮುಟ್ಟುವುದಿಲ್ಲ.