ನಮ್ಮ ಬೀದಿಗೆ ಬಂದ ಕರಾಕ್‌ಗಳು

ಕೇಳಿಸ್ತಿದೆಯಲ್ಲ, ಆ ಕರ್ಕಶ ಕೂಗು? ಈ ವಿಡಿಯೊ ಎಡಿಟ್ ಮಾಡುವಾಗ ಅದನ್ನು ಬೇಕೆಂದೇ ಹಾಗೇ ಬಿಟ್ಟಿದ್ದೇನೆ. ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಅದರ ಕೂಗು ಬಂದಿರುತ್ತದೆ. ಇದು ಫಾರೆಸ್ಟ್ ರೆಡ್-ಟೇಲ್ಡ್ ಬ್ಲ್ಯಾಕ್ ಕಾಕಟೂ, ಗಿಳಿ ಕುಟುಂಬದ ದೊಡ್ಡ ಕಪ್ಪು ಹಕ್ಕಿ. ಆಸ್ಟ್ರೇಲಿಯಾದ ಈ ಭಾಗದ ಮೂಲನಿವಾಸಿಗಳಾದ ನೂಂಗಾರ್ ಜನರು ಇದನ್ನು ಕರಾಕ್ ಅನ್ನುತ್ತಾರೆ. ನನಗೂ ಆ ಹೆಸರೇ ಇಷ್ಟ.

ನಾವಿರುವುದು ಪರ್ತ್ ನಗರದ ದಕ್ಷಿಣ ಭಾಗದ ಒಂದು ಬಡಾವಣೆಯಲ್ಲಿ. ಸಾಲು ಮನೆಗಳು, ಕಾರುಗಳು, ಸಣ್ಣದೊಂದು ಪಾರ್ಕು. ಹತ್ತಿರದಲ್ಲಿ ಕಾಡಿಲ್ಲ. ಆದರೂ ನೋಡಿ, ಚಳಿಗಾಲದ ಜುಲೈ ಬೆಳಗ್ಗೆ, ಬೀದಿ ಪಕ್ಕದ ಮರದ ತುಂಬಾ ಕಾಡು ಹಕ್ಕಿಗಳು!

ಈ ಮರ ನಿಮಗೆ ಗೊತ್ತಿರಬಹುದು. ಕೇಪ್ ಲೈಲಾಕ್ ಅಂತ ಇಲ್ಲಿ ಕರೆಯುವುದು ನಮ್ಮೂರ ಕಡೆಯ ಹುಚ್ಚು ಬೇವನ್ನೇ. ನೆರಳಿಗೆ ಅಂತ ಪರ್ತ್‌ನ ಎಷ್ಟೋ ಬೀದಿಗಳಲ್ಲಿ ಹಿಂದೆ ನೆಟ್ಟಿದ್ದಾರೆ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಬರೀ ಹಳದಿ ಕಾಯಿಗೊಂಚಲು ಉಳಿಯುತ್ತದೆ. ಅದು ಮನುಷ್ಯರಿಗೆ ವಿಷ. ಕರಾಕ್‌ಗಳಿಗೆ ಹಬ್ಬದೂಟ.

ಇಲ್ಲಿ ಸ್ವಲ್ಪ ನಿಧಾನವಾಗಿ ತೋರಿಸ್ತೀನಿ. ಬಾಲ ಬಿಚ್ಚಿದಾಗ ಅಚ್ಚ ಕೆಂಪು ಪಟ್ಟಿ ಕಾಣಿಸಿತಲ್ವಾ? ಅದು ಗಂಡು. ಪಕ್ಕದ ಕೊಂಬೆಯಲ್ಲಿರುವುದು ಹೆಣ್ಣು. ತಲೆ ಮತ್ತು ರೆಕ್ಕೆಯ ಮೇಲೆ ಹಳದಿ ಚುಕ್ಕೆ, ಬಾಲದ ಕೆಂಪು-ಕಿತ್ತಳೆಯ ಮೇಲೆ ಅಡ್ಡ ಗೆರೆಗಳು. ಈಗ ಅದರ ಕಾಲು ನೋಡಿ. ಕೊಕ್ಕಿನಿಂದ ಗೊಂಚಲನ್ನೇ ಕತ್ತರಿಸಿ, ಎಡಗಾಲಿನಲ್ಲಿ ಹಿಡಿದು, ಒಂದೊಂದೇ ಕಾಯಿಯನ್ನು ಒಡೆಯುತ್ತದೆ. ಈ ಜಾತಿಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಎಡಗಾಲಿನವೇ. ಒಳಗಿನ ಗಟ್ಟಿ ಬೀಜ ಒಡೆಯುವ ಟಕ್ ಟಕ್ ಸದ್ದು ಫುಟ್‌ಪಾತ್‌ವರೆಗೂ ಕೇಳಿಸುತ್ತದೆ.

ಹಾಸನದಲ್ಲಿರುವ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. "ಗಿಳಿ ಅಂತೀಯಲ್ಲೇ, ಹದ್ದಿನಷ್ಟಿದೆ!" ಅಂದರು. ನಿಜ, ಅರ್ಧ ಮೀಟರಿಗಿಂತ ಉದ್ದದ ಹಕ್ಕಿ.

ಇವು ಮೊದಲಿನಿಂದಲೂ ಬಡಾವಣೆಗಳ ಹಕ್ಕಿಗಳಲ್ಲ. ಪರ್ತ್‌ನ ಪೂರ್ವಕ್ಕಿರುವ ಡಾರ್ಲಿಂಗ್ ಬೆಟ್ಟಸಾಲಿನ ಜಾರಾ ಮತ್ತು ಮಾರಿ ಮರಗಳ ಕಾಡು ಇವುಗಳ ಮನೆ. 1990ರ ದಶಕದಿಂದ ಈಚೆಗೆ ಬೆಟ್ಟ ಇಳಿದು ಊರೊಳಗೆ ಬರುವುದು ಜಾಸ್ತಿಯಾಯಿತು. ಹುಚ್ಚು ಬೇವಿನ ರುಚಿ ಹತ್ತಿದ್ದೂ ಅದಕ್ಕೆ ಒಂದು ಕಾರಣ. ಊರಲ್ಲಿ ಕಂಡವು ಅಂತ ಇವು ಚೆನ್ನಾಗಿವೆ ಅಂದುಕೊಳ್ಳಬೇಡಿ. ಹೊಟ್ಟೆಗೆ ಬೀದಿಯ ಮರ ಸಾಕಾಗಬಹುದು, ಗೂಡಿಗೆ ಸಾಲದು. ದೊಡ್ಡ ಪೊಟರೆ ಇರುವ ಹಳೇ ಮರವೇ ಬೇಕು. ಅಂಥ ಪೊಟರೆಯಾಗಲು ಮರಕ್ಕೆ ನೂರು ವರ್ಷ ದಾಟಿರಬೇಕು. ಅದರಲ್ಲಿ ಇಡುವುದು ಒಂದೇ ಮೊಟ್ಟೆ.

ಬಿಳಿ ಬಾಲದ ಕಾರ್ನಬಿ ಕಾಕಟೂಗಳ ಸ್ಥಿತಿ ಇನ್ನೂ ಕಷ್ಟ. ಗೋಧಿ ಬೆಳೆಯಲು ಒಳನಾಡಿನ ಕಾಡು ಕಡಿದಾಗ ಅವುಗಳ ಪೊಟರೆಗಳು ಹೋದವು. ಪರ್ತ್ ಬೆಳೆದ ಹಾಗೆ ಅವುಗಳಿಗೆ ಬೀಜ ಕೊಡುತ್ತಿದ್ದ ಕರಾವಳಿಯ ಬ್ಯಾಂಕ್ಸಿಯಾ ಮರಗಳ ತೋಪುಗಳು ಹೋದವು. ನಗರದ ಉತ್ತರಕ್ಕೆ, ನಂಗಾರ ಕಡೆ ನೆಟ್ಟಿದ್ದ ಪೈನ್ ತೋಪಿನ ಕಾಯಿ ತಿಂದು ಬದುಕುವುದನ್ನು ಈ ಹಕ್ಕಿಗಳು ಕಲಿತವು. ಈಗ ಅದನ್ನೂ ಕಡಿಯುತ್ತಾ ಬಂದಿದ್ದಾರೆ. 2010ರ ಜನವರಿಯಲ್ಲಿ ದಕ್ಷಿಣ ಕರಾವಳಿಯ ಹೋಪ್‌ಟೌನ್ ಸುತ್ತಮುತ್ತ ಬಿಸಿಲಿನ ಹೊಡೆತಕ್ಕೆ 200ಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಓದಿದಾಗ ತುಂಬಾ ಸಂಕಟವಾಯಿತು.

ಈಗ ಪಾರ್ಕಿಗೆ ಬಂದಿದ್ದೇವೆ. ಇದು ಮಾರಿ ಮರ. ನೆಲದ ಮೇಲೆ ಬಿದ್ದಿವೆಯಲ್ಲ ಮರದ ಬುಗುರಿಗಳಂಥ ಗಟ್ಟಿ ಕಾಯಿಗಳು, ಅವನ್ನು ಎತ್ತಿ ನೋಡಿ. ಯಾರು ತಿಂದು ಹೋದರು ಅನ್ನುವುದು ಕಾಯಲ್ಲೇ ಬರೆದಿರುತ್ತದೆ. ನನ್ನ ಕೈಲಿರುವ ಈ ಕಾಯಿಯ ಬಾಯಿ ಹರಿದು ಚಿಂದಿಯಾಗಿದೆ, ಪಕ್ಕದಲ್ಲಿ ಅಗಲವಾದ ಕೊಕ್ಕಿನ ಗಾಯ. ಇದು ಕರಾಕ್ ಕೆಲಸ. ಇಲ್ಲಿನ ಇನ್ನೊಂದು ಬಿಳಿ ಬಾಲದ ಜಾತಿಯಾದ ಬಾಡಿನ್ ಕಾಕಟೂ ಆಗಿದ್ದರೆ ತನ್ನ ಉದ್ದ ಕೊಕ್ಕನ್ನು ಒಳಗೆ ತೂರಿಸಿ ಬೀಜ ಎಳೆದುಕೊಳ್ಳುತ್ತಿತ್ತು, ಅಂಚು ಬಹುತೇಕ ಹಾಗೇ ಉಳಿಯುತ್ತಿತ್ತು. ಹಕ್ಕಿ ಸಿಗದ ದಿನವೂ ನಾನು ಸುಮ್ನೆ ಈ ಕಾಯಿಗಳನ್ನು ಹುಡುಕುತ್ತಾ ಓಡಾಡುತ್ತೇನೆ.

ಇದೇ ಕಾಯಿಗಳ ವಿಷಯಕ್ಕೆ ಜನ ಬೇಸರಪಡುತ್ತಾರೆ. ಕಾರಿನ ಮೇಲೆ ಬೀಳುತ್ತೆ, ಕಾಲಿಗೆ ಸಿಕ್ಕಿ ಜಾರುತ್ತೆ, ಮರ ತೆಗೆಸಿಬಿಡೋಣ ಅನ್ನುತ್ತಾರೆ. ಗುಡಿಸುವ ಕಷ್ಟ ನನಗೂ ಗೊತ್ತು, ನಮ್ಮ ಮನೆ ಮುಂದೆಯೂ ಬೀಳುತ್ತವೆ. ಆದರೂ ದಯವಿಟ್ಟು ಕಡಿಸಬೇಡಿ. ಒಂದು ದೊಡ್ಡ ಮಾರಿ ಹೋದರೆ ಅದರ ಜಾಗಕ್ಕೆ ಸಸಿ ನೆಡಬಹುದು, ಪೊಟರೆ ನೆಡಲು ಆಗುವುದಿಲ್ಲ. ಹಿತ್ತಲಲ್ಲಿ ಜಾಗ ಇದ್ದವರು ಇಲ್ಲಿನದೇ ಗಿಡಗಳಾದ ಬ್ಯಾಂಕ್ಸಿಯಾ ಅಥವಾ ಹೇಕಿಯಾ ನೆಡಿ. ಬಾಡಿಗೆ ಮನೆಯಲ್ಲಿ ಇರುವವರು ಓನರ್ ಹತ್ತಿರ ಒಂದು ಮಾತು ಕೇಳಿ ನೋಡಿ.

ಡ್ರೈವ್ ಮಾಡುವವರಿಗೆ ಇನ್ನೊಂದು ಮಾತು. ಕಾಕಟೂಗಳು ರಸ್ತೆ ಬದಿಯ ನೀರು ಕುಡಿಯಲು ಇಳಿಯುತ್ತವೆ. ಮೈ ಭಾರ, ತಟ್ಟನೆ ಹಾರಲು ಆಗುವುದಿಲ್ಲ. ಎಷ್ಟೋ ಹಕ್ಕಿಗಳು ಕಾರಿಗೆ ಸಿಕ್ಕಿ ಗಾಯಗೊಳ್ಳುತ್ತವೆ. ಹಿಂಡು ಕಂಡರೆ ನಿಧಾನಿಸಿ. ಗಾಯಗೊಂಡ ಹಕ್ಕಿ ಸಿಕ್ಕರೆ ಕಾಡುಪ್ರಾಣಿಗಳ ಸಹಾಯವಾಣಿಯಾದ ವೈಲ್ಡ್‌ಕೇರ್ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ. ಪರ್ತ್‌ನ ಮಾರ್ಟಿನ್ ಬಡಾವಣೆಯಲ್ಲಿರುವ ಕಾರಾಕಿನ್ ಕೇಂದ್ರದಲ್ಲಿ ಇಂಥ ಹಕ್ಕಿಗಳನ್ನು ಆರೈಕೆ ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ.

ಹಕ್ಕಿ ಸಂರಕ್ಷಣೆಯ ಸಂಸ್ಥೆಯಾದ ಬರ್ಡ್‌ಲೈಫ್‌ನವರು ಏಪ್ರಿಲ್ ಸುಮಾರಿಗೆ ಗ್ರೇಟ್ ಕಾಕಿ ಕೌಂಟ್ ಅನ್ನುವ ಕಾಕಟೂ ಎಣಿಕೆ ನಡೆಸುತ್ತಾರೆ. ಹಕ್ಕಿಗಳು ರಾತ್ರಿ ತಂಗುವ ಮರಗಳ ಹತ್ತಿರ ಸಂಜೆ ಕೂತು, ಬಂದ ಹಕ್ಕಿಗಳನ್ನೆಲ್ಲ ಎಣಿಸುವ ಕೆಲಸ. ಸಾಮಾನ್ಯ ಜನರೇ ಮಾಡುವುದು. ಮುಂದಿನ ಸಲ ನಾನೂ ಹೆಸರು ಕೊಡುತ್ತೇನೆ. ಪರ್ತ್‌ನಲ್ಲಿರುವ ಕನ್ನಡದವರು ಯಾರಾದರೂ ಜೊತೆಗೆ ಬರುವುದಾದರೆ ಹೇಳಿ. ಮಡಚುವ ಕುರ್ಚಿ, ಜಾಕೆಟ್ ನೀವು ತನ್ನಿ. ಫಿಲ್ಟರ್ ಕಾಫಿ ಫ್ಲಾಸ್ಕ್ ನಾನು ತರ್ತೀನಿ.