ಇದು ಯಾರ ಕೈಕೆಲಸ?

ಕೇಳುಗರೆಲ್ಲರಿಗೂ ನಮಸ್ಕಾರ.

ಪೋಲೆಂಡ್ ದೇಶದ ಕ್ರಾಕೋವ್ ಪಟ್ಟಣದ ಒಂದು ರೇಡಿಯೋ ವಾಹಿನಿಯವರು 2024ರ ಅಕ್ಟೋಬರಿನಲ್ಲಿ ಮಾತಾಡುವ ಮನುಷ್ಯರನ್ನು ಬಿಟ್ಟು, ಎಐ ತಯಾರಿಸಿದ ಮೂರು ದನಿಗಳನ್ನು ಮೈಕಿನ ಮುಂದೆ ಕೂರಿಸಿದರು. ಅದರಲ್ಲೊಂದು ದನಿ ಕವಯಿತ್ರಿ ವಿಸ್ವಾವಾ ಶಿಂಬೋರ್ಸ್ಕಾ ಅವರ ಸಂದರ್ಶನವನ್ನೂ ಮಾಡಿತು. ನೊಬೆಲ್ ಪಡೆದ ಆ ಹೆಂಗಸು ತೀರಿಕೊಂಡದ್ದು 2012ರಲ್ಲಿ! ಜನ ಸಿಟ್ಟಿಗೆದ್ದರು. ಸಹಿ ಸಂಗ್ರಹ ಆಯಿತು. ಒಂದು ವಾರದೊಳಗೆ ಆ ಪ್ರಯೋಗದ ಅಂಗಡಿ ಮುಚ್ಚಿದರು.

ಸಿಡ್ನಿಯಲ್ಲಿ ನಡೆದದ್ದು ಇದರ ಉಲ್ಟಾ. ಅಲ್ಲಿಯ ಒಂದು ನಿಲಯದಲ್ಲಿ ಥೈ ಎಂಬ ಹೆಸರಿನಾಕೆ ತಿಂಗಳುಗಟ್ಟಲೆ ಹಾಡಿನ ಕಾರ್ಯಕ್ರಮ ನಡೆಸಿಕೊಟ್ಟಳು. ಆಕೆ ಮನುಷ್ಯಳೇ ಅಲ್ಲ ಎಂದು 2025ರಲ್ಲಿ ಹೊರಬಿತ್ತು. ಅಲ್ಲಿಯ ತನಕ ಹಾಡೂ ಬಂತು, ಮಾತೂ ಬಂತು, ಹೆಚ್ಚಿನವರಿಗೆ ಏನೂ ಅನ್ನಿಸಲಿಲ್ಲ.

ಕ್ರಾಕೋವಿನವರು ಮೊದಲೇ ಹೇಳಿ ಬೈಸಿಕೊಂಡರು. ಸಿಡ್ನಿಯವರು ಹೇಳದೆ ಅಷ್ಟು ದಿನ ಸುಖವಾಗಿದ್ದರು. ಕಿವಿಯ ಯೋಗ್ಯತೆ ಇಷ್ಟೇ ನೋಡಿ. ಈಗ ನಿಮ್ಮ ಮನೆಯಲ್ಲಿ ಕೇಳುತ್ತಿರುವ ಈ ದನಿ ನನ್ನದೇ ಎಂದು ನಿಮಗೆ ತೋರಿಸಲು ನನ್ನ ಹತ್ತಿರ ಏನಿದೆ? ನಡುವೆ ಒಮ್ಮೆ ಕೆಮ್ಮಬಹುದು. ಆದರೆ ಈಗ ಕೆಮ್ಮನ್ನೂ ಉಸಿರನ್ನೂ ಯಂತ್ರವೇ ಸೇರಿಸುತ್ತದೆ.

ನಾನು ಕನ್ನಡ ಮಾಷ್ಟ್ರು. ನಿವೃತ್ತಿ ಆಗಿದೆ, ಆದರೆ ತಿದ್ದುವ ಚಟ ಹೋಗಿಲ್ಲ. ನಮ್ಮೂರಿನ ವಾಚನಾಲಯದ ಪ್ರಬಂಧ ಸ್ಪರ್ಧೆಗೆ ನನ್ನನ್ನು ಕರೆಯುತ್ತಾರೆ. ಈಚೆಗೆ ಪ್ರಬಂಧದ ಕಟ್ಟು ಕೈಗೆ ಬಂದ ಕೂಡಲೇ ಜೊತೆಯ ತೀರ್ಪುಗಾರರು ಕೇಳುವ ಮೊದಲ ಮಾತು, "ಮಾಷ್ಟ್ರೇ, ಇದರಲ್ಲಿ ಎಐಯದ್ದು ಎಷ್ಟು?"

ಕೆಲವು ಕುರುಹುಗಳು ಇವೆ, ಇಲ್ಲ ಎನ್ನುವುದಿಲ್ಲ. "ಅಡಿಕೆ ಕೇವಲ ಒಂದು ಬೆಳೆಯಲ್ಲ, ಅದು ನಮ್ಮ ಬದುಕಿನ ಉಸಿರು" ಎಂದು ಶುರುವಾಗುತ್ತದೆ. ಎಲ್ಲ ವಿಷಯಕ್ಕೂ ಮೂರು ಕಾರಣ, ಮೂರು ಪರಿಣಾಮ. ಎಲ್ಲರೂ ಎಲ್ಲದರಲ್ಲೂ "ಪ್ರಮುಖ ಪಾತ್ರ" ವಹಿಸುತ್ತಾರೆ. ಊರಿನ ಹೆಸರಿಲ್ಲ, ಯಾರ ಮೇಲೂ ಸಿಟ್ಟಿಲ್ಲ. ಕೊನೆಗೆ ಮುಂದಿನ ಪೀಳಿಗೆಗೆ ಒಂದು ಕರೆ. ಆದರೆ ಸ್ವಲ್ಪ ಯೋಚಿಸಿ. ಎಐ ಹುಟ್ಟುವ ಮೊದಲೇ ಗೈಡ್ ಪುಸ್ತಕ ನೋಡಿ ಬರೆದ ಪ್ರಬಂಧಗಳು ಹೀಗೇ ಇದ್ದುವಲ್ವಾ? ಮಳೆ ಬಂದ ಕೂಡಲೇ ಭೂದೇವಿಗೆ ಹಸಿರು ಸೀರೆ ಉಡಿಸಿದ್ದು ನಮ್ಮ ಮಕ್ಕಳೇ. ಉಡಿಸಲು ಕಲಿಸಿದ್ದು ನಾವೇ. ಹಾಗಾಗಿ ಬರೆಹ ಸಪ್ಪೆ ಇದೆ ಎಂದು ಯಂತ್ರದ ತಲೆಗೆ ಕಟ್ಟಲು ಆಗುವುದಿಲ್ಲ.

ಹಾಗಾದರೆ ಪತ್ತೆ ಹಚ್ಚುವ ಜಾಲತಾಣಗಳಿವೆಯಲ್ಲ, ಅದಕ್ಕೆ ಹಾಕಿ ನೋಡೋಣ ಎನ್ನುತ್ತಾರೆ. ಇಲ್ಲಿ ನಾನು ಸ್ವಲ್ಪ ಜಗಳಕ್ಕೇ ನಿಲ್ಲುತ್ತೇನೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪೆನಿಯೇ 2023ರ ಜನವರಿಯಲ್ಲಿ ಅಂಥ ಒಂದು ಸಾಧನ ಬಿಟ್ಟಿತ್ತು. ಅವರೇ ಕೊಟ್ಟ ಲೆಕ್ಕದ ಪ್ರಕಾರ ಅದು ಯಂತ್ರದ ಬರೆಹದಲ್ಲಿ ಶೇಕಡಾ 26ರಷ್ಟನ್ನು ಮಾತ್ರ ಸರಿಯಾಗಿ ಗುರುತಿಸಿತು. ಮನುಷ್ಯರೇ ಬರೆದದ್ದರಲ್ಲಿ ಶೇಕಡಾ 9ರಷ್ಟನ್ನು ಯಂತ್ರದ್ದು ಎಂದಿತು. ಅದೇ ವರ್ಷ ಜುಲೈಯಲ್ಲಿ, ಇದು ಸರಿಯಾಗಿ ಹೇಳುತ್ತಿಲ್ಲ ಎಂದು ತಾವೇ ಹಿಂದಕ್ಕೆ ತೆಗೆದುಕೊಂಡರು. ಮಾಡಿದವರಿಗೇ ತಮ್ಮ ಕೂಸಿನ ಗುರುತು ಸಿಗಲಿಲ್ಲ!

ಇನ್ನೊಂದು ಸಂಗತಿ ನಮ್ಮ ಕಾಸರಗೋಡಿಗೆ ಜಾಸ್ತಿ ಮುಖ್ಯ. 2023ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಏಳು ಸಾಧನಗಳನ್ನು ಪರೀಕ್ಷೆಗೆ ಹಚ್ಚಿದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಕೊಟ್ಟರು. ಎಲ್ಲವೂ ಮನುಷ್ಯರೇ ಬರೆದದ್ದು. ಆ ಸಾಧನಗಳು ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಯಂತ್ರದ್ದೆಂದು ಹೇಳಿದವು. ಕಾರಣ ಇಷ್ಟೇ. ಒಂದು ಪದದ ನಂತರ ಬರುವ ಪದ ಎಷ್ಟು ಸುಲಭವಾಗಿ ಊಹಿಸುವಂತಿದೆ ಎಂದು ಅವು ಲೆಕ್ಕ ಹಾಕುತ್ತವೆ. ಕಲಿತ ಭಾಷೆಯಲ್ಲಿ ಬರೆಯುವವನು ತನಗೆ ಗೊತ್ತಿರುವ ನಾಲ್ಕು ಪದಗಳಲ್ಲೇ, ತಪ್ಪಾಗದಂತೆ ಜಾಗ್ರತೆಯಿಂದ ಬರೆಯುತ್ತಾನೆ. ಅವನ ಜಾಗ್ರತೆಯೇ ಅವನಿಗೆ ಮುಳುವಾಗುತ್ತದೆ.

ಅದು ಇಂಗ್ಲಿಷಿನ ಕಥೆ, ನಿಜ. ಆದರೆ ನಮ್ಮ ಮಕ್ಕಳನ್ನು ನೋಡಿ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲೆಯಾಳ. ಕೆಲವರ ಮನೆಯಲ್ಲಿ ಬ್ಯಾರಿ, ಕೆಲವರಲ್ಲಿ ಕೊಂಕಣಿ, ಮರಾಠಿ, ಹವ್ಯಕ ಕನ್ನಡ. ಶಾಲೆಯ ಪುಸ್ತಕದ ಕನ್ನಡ ಹೆಚ್ಚಿನವರಿಗೆ ಕಲಿತ ಕನ್ನಡವೇ. ಅದನ್ನು ಅಚ್ಚುಕಟ್ಟಾಗಿ ಬರೆದ ಹುಡುಗಿಗೆ "ಇದು ನೀನು ಬರೆದದ್ದಲ್ಲ" ಎಂದು ಒಂದು ಪರದೆ ನೋಡಿ ಹೇಳುವುದಾ? ಗಡಿಯ ಈಚೆ ಕೂತು ಕನ್ನಡ ಕಲಿಯುವುದೇ ಒಂದು ಸಾಹಸ. ಕಲಿತದ್ದಕ್ಕೆ ಕಳ್ಳತನದ ಪಟ್ಟ ಬೇರೆ ಬೇಡ.

ಚಿತ್ರಗಳ ವಿಷಯದಲ್ಲಿ ನಮ್ಮ ಕಣ್ಣು ಸದ್ಯಕ್ಕೆ ಸ್ವಲ್ಪ ವಾಸಿ. ಮೊನ್ನೆ ವಾಟ್ಸಪ್ಪಿನಲ್ಲಿ ಒಂದು ಯಕ್ಷಗಾನದ ಚಿತ್ರ ಬಂತು. ನೋಡಿದವರೆಲ್ಲ "ಅದ್ಭುತ" ಎಂದು ಕೈ ಮುಗಿದಿದ್ದರು. ದೊಡ್ಡದು ಮಾಡಿ ನೋಡಿದೆ. ಮುಖದಲ್ಲಿ ಕಥಕಳಿಯ ಹಸಿರು. ತಲೆಯ ಮೇಲೆ ತೆಯ್ಯಂನ ಮುಡಿಯಂಥದ್ದು. ಭಾಗವತರ ಕೈಯಲ್ಲಿ ಜಾಗಟೆ ಇಲ್ಲ, ಊಟದ ಬಟ್ಟಲಿನ ಹಾಗಿನ ಏನೋ ಒಂದು. ಚೆಂಡೆಯ ಕೋಲು ಚೆಂಡೆಯ ಒಳಗೇ ಕರಗಿ ಹೋಗಿದೆ. ಹಿಂದಿನ ಬ್ಯಾನರಿನಲ್ಲಿ ಬರೆದದ್ದು ಕನ್ನಡವೂ ಅಲ್ಲ, ಮಲೆಯಾಳವೂ ಅಲ್ಲ, ಎರಡಕ್ಕೂ ಸೋದರ ಸಂಬಂಧ ಇದ್ದ ಹಾಗಿನ ಸುರುಳಿಗಳು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸುತ್ತಮುತ್ತ ಆಟ ನೋಡಿ ಬೆಳೆದವರಿಗೆ ಇದು ಒಂದು ನಿಮಿಷದ ಕೆಲಸ. ಆದರೆ ಚಿತ್ರ ಕಂಡ ಹೊರಗಿನವರಿಗೆ? ಮುಂದಿನ ವರ್ಷ ಯಂತ್ರ ಇದನ್ನೂ ಸರಿ ಮಾಡಿಕೊಂಡರೆ ನಮಗೆ?

ಪಳಗಿದ ಕಣ್ಣುಗಳೂ ಬೇಸ್ತು ಬಿದ್ದಿವೆ. 2023ರ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಗೆದ್ದರು. ಗೆದ್ದ ಮೇಲೆ, ಇದು ಎಐ ಮಾಡಿದ ಚಿತ್ರ, ಪ್ರಶಸ್ತಿ ಬೇಡ ಎಂದರು. ಮರುವರ್ಷ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಇದನ್ನು ತಿರುಗಾ ಮುರುಗಾ ಮಾಡಿದರು. ತಾನೇ ಕ್ಯಾಮರಾದಲ್ಲಿ ತೆಗೆದ ಫ್ಲೆಮಿಂಗೊ ಹಕ್ಕಿಯ ಫೋಟೋವನ್ನು ಇನ್ನೊಂದು ಸ್ಪರ್ಧೆಯ ಎಐ ವಿಭಾಗಕ್ಕೇ ಕಳಿಸಿದರು! ಹಕ್ಕಿ ಕತ್ತು ಬಗ್ಗಿಸಿ ಹೊಟ್ಟೆ ಕೆರೆದುಕೊಳ್ಳುತ್ತಿತ್ತು, ತಲೆಯೇ ಇಲ್ಲದ ಹಾಗೆ ಕಾಣುತ್ತಿತ್ತು. ಅದಕ್ಕೂ ಬಹುಮಾನ ಬಂತು. ನಿಜ ಹೇಳಿದ ಮೇಲೆ ಹಿಂದಕ್ಕೆ ಪಡೆದರು. ಒಬ್ಬರ ಸುಳ್ಳು ನಿಜವಾಗಿ ಕಂಡಿತು, ಇನ್ನೊಬ್ಬರ ನಿಜ ಸುಳ್ಳಾಗಿ ಕಂಡಿತು.

ಚಿತ್ರದ ಒಳಗೇ ಕಣ್ಣಿಗೆ ಕಾಣದ ಗುರುತು ಇಡುವ ಕೆಲಸ ನಡೆಯುತ್ತಿದೆ. ಗೂಗಲ್‌ನ ಸಿಂತ್‌ಐಡಿ ಅಂಥದ್ದು. ನಮ್ಮ ಕೇಂದ್ರ ಸರ್ಕಾರ 2025ರ ಅಕ್ಟೋಬರಿನಲ್ಲಿ ತಂದ ಕರಡು ನಿಯಮದಲ್ಲಿ, ಎಐ ಚಿತ್ರದ ಶೇಕಡಾ 10ರಷ್ಟು ಜಾಗದಲ್ಲಿ ಲೇಬಲ್ ಇರಬೇಕು ಎಂದಿತ್ತು. ಒಳ್ಳೆಯದೇ. ಆದರೆ ಮೋಸ ಮಾಡಲೆಂದೇ ಹೊರಟವನು ಲೇಬಲ್ ಅಂಟಿಸಿ ಕಳಿಸುವುದಿಲ್ಲವಲ್ಲ.

ನನಗೆ ನಂಬಿಕೆ ಇರುವ ದಾರಿ ಒಂದೇ, ಅದು ನಮ್ಮಲ್ಲಿ ಹಳೆಯದು. ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಕೂತು ಅರ್ಥ ಹೇಳುವುದು. ಬಾಯಿಪಾಠ ಮಾಡಿ ಬಂದ ಅರ್ಥಧಾರಿ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಮಾತಾಡುತ್ತಾನೆ. ಎದುರಿನ ಪಾತ್ರ ಒಂದು ಅನಿರೀಕ್ಷಿತ ಪ್ರಶ್ನೆ ಹಾಕಿದಾಗ ಗೊತ್ತಾಗುತ್ತದೆ, ಸರಕು ಸ್ವಂತದ್ದೋ ಸಾಲದ್ದೋ ಎಂದು. ಬರೆಹವನ್ನೂ ಹಾಗೇ ನೋಡಬೇಕು. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುವ ಬದಲು ಬರೆದವರನ್ನು ಕೂರಿಸಿ ಮಾತಾಡಿಸಬೇಕು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಡಿಕೆಗೆ ಮದ್ದು ಬಿಡುವುದರ ಬಗ್ಗೆ ಬರೆದಿದ್ದಳು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಕಲಸಿದ ಮೇಲೆ ಅಪ್ಪ ಕತ್ತಿಯ ಮೊನೆ ಅದ್ದಿ ನೋಡುತ್ತಾರೆ, ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಎಂದು. ಎಲ್ಲ ಸರಿ. ಆದರೆ ಕೇಳಿದರೆ ಎಐ ಕೂಡ ಇಷ್ಟನ್ನು ಹೇಳುತ್ತದೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಮಾಡುವ ಕ್ರಮ ಎಷ್ಟೋ ಪುಸ್ತಕದಲ್ಲಿದೆ. ಹಾಗಾಗಿ ಅವಳನ್ನು ಕರೆದು ಕೇಳಿದೆ, "ಆ ದಿನ ಮನೆಯಲ್ಲಿ ನಿನಗೇನು ಕೆಲಸ?"

"ಸುಣ್ಣದ ನೀರು ಸೋಸುವುದು ಸರ್. ಅಮ್ಮನ ಹಳೇ ಸೀರೆಯಲ್ಲಿ. ಸರೀ ಸೋಸದಿದ್ದರೆ ಮೇಲೆ ಮರದಲ್ಲಿ ಇರುವಾಗ ಮದ್ದು ಬಿಡುವ ಗನ್ನು ಕಟ್ಟುತ್ತದೆ. ಆಮೇಲೆ ಅಲ್ಲಿಂದಲೇ ಬೈಗುಳ." ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು, "ಮಳೆ ಬಿಟ್ಟ ದಿನ ಜನ ಸಿಗುವುದಿಲ್ಲ. ಜನ ಸಿಕ್ಕಿದ ದಿನ ಮಳೆ ಬಿಡುವುದಿಲ್ಲ. ಅದನ್ನು ಬರೆಯಲು ಮರೆತೆ." ನನಗೆ ಇನ್ನು ಯಾವ ಸಾಧನವೂ ಬೇಕಾಗಲಿಲ್ಲ.

ದೊಡ್ಡವರ ಹೆಸರಿನಲ್ಲಿ ಬರುವ ಸಾಲುಗಳಿಗೂ ಇದೇ ಮಾತು. ಮಂಜೇಶ್ವರದ ಗೋವಿಂದ ಪೈಗಳದ್ದು ಎಂದು ಒಂದು ಪದ್ಯ ಬಂದರೆ, ಯಾವ ಪುಸ್ತಕ, ಯಾವ ಪುಟ ಎಂದು ಕೇಳಿ. ಕಳಿಸಿದವರಿಗೆ ಗೊತ್ತಿಲ್ಲದಿದ್ದರೆ ಅದನ್ನು ಮುಂದೆ ಕಳಿಸಬೇಡಿ, ಅಷ್ಟೇ.

ದುಡ್ಡಿನ ವಿಷಯದಲ್ಲಂತೂ ಕೇಳಲೇಬೇಕು. 2023ರ ಜುಲೈಯಲ್ಲಿ ಕಲ್ಲಿಕೋಟೆಯ ಒಬ್ಬ ನಿವೃತ್ತ ಉದ್ಯೋಗಿಗೆ ಹಳೆಯ ಸಹೋದ್ಯೋಗಿಯಿಂದ ವಾಟ್ಸಪ್ ಕರೆ ಬಂತು. ಹತ್ತಿರದವರಿಗೆ ಆಪರೇಷನ್, 40,000 ರೂಪಾಯಿ ಬೇಕು ಎಂದು. ವಿಡಿಯೋದಲ್ಲಿ ಮುಖವೂ ಕಂಡಿತು. ಇವರು ಕಳಿಸಿದರು. ಮತ್ತೆ ಕೇಳಿದಾಗ ಸಂಶಯ ಬಂದು, ಸ್ನೇಹಿತನ ನಿಜವಾದ ನಂಬರಿಗೆ ಕರೆ ಮಾಡಿದರು. ಆತ ಕೇಳಿಯೇ ಇರಲಿಲ್ಲ! ಮುಖ ಎಐಯದ್ದು. ನಮ್ಮ ಕಡೆ ಗಲ್ಫಿನಲ್ಲಿ ಮಗನೋ ಅಳಿಯನೋ ಇಲ್ಲದ ಮನೆ ಕಡಿಮೆ. ಅಂಥ ಕರೆ ಬಂದರೆ ಇಟ್ಟುಬಿಡಿ. ನಿಮ್ಮಲ್ಲಿ ಇರುವ ಹಳೆಯ ನಂಬರಿಗೆ ನೀವೇ ಮಾಡಿ. ಮನೆಮಾತಿನಲ್ಲಿ, ಮನೆಯವರಿಗೆ ಮಾತ್ರ ಗೊತ್ತಿರುವುದನ್ನು ಕೇಳಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೆ ಬೇಡ.

ಇನ್ನು ನನಗೆ ತಲೆಬಿಸಿ ಮಾಡಿದ ಒಂದು ಪ್ರಬಂಧ. ಎಂಟನೇ ಕ್ಲಾಸಿನ ಹುಡುಗ. ವಿಷಯ, ಅಜ್ಜಿ ಚಿಕ್ಕವಳಿದ್ದಾಗ ದೋಣಿಯಲ್ಲಿ ಚಂದ್ರಗಿರಿ ಹೊಳೆ ದಾಟುತ್ತಿದ್ದದ್ದು. ವಿವರ ಎಲ್ಲ ಚಂದ. ಆದರೆ ಕನ್ನಡ ಮಾತ್ರ ಬೆಂಗಳೂರಿನ ಕಚೇರಿಯದ್ದು. ಕರೆದು ಕೇಳಿದರೆ ಅವನು ಒಂದು ಚೂರೂ ಅಳುಕಲಿಲ್ಲ. "ಅಜ್ಜಿ ತುಳುವಿನಲ್ಲಿ ಹೇಳಿದ್ದು ಸರ್. ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನಾನು ಮಲೆಯಾಳದಲ್ಲಿ ಟೈಪ್ ಮಾಡಿ ಎಐಗೆ ಕೊಟ್ಟೆ, ಕನ್ನಡ ಮಾಡಿಸಿದೆ. ಆಮೇಲೆ ಅದು ತಪ್ಪು ಹೇಳಿದ್ದನ್ನು ತಿದ್ದಿದೆ. ಅದು ಅಜ್ಜಿಯನ್ನು ಸೇತುವೆ ಮೇಲೆ ಕಳಿಸಿತ್ತು."

ಈಗ ಹೇಳಿ, ಇದು ಯಾರದ್ದು? ನೆನಪು ಅಜ್ಜಿಯದ್ದು. ಕೇಳುವ ತಾಳ್ಮೆ ಹುಡುಗನದ್ದು. ವಾಕ್ಯ ಯಂತ್ರದ್ದು. ಸುಳ್ಳು ಹಿಡಿದದ್ದು ಮತ್ತೆ ಹುಡುಗ. ಮನುಷ್ಯ, ಯಂತ್ರ ಎಂದು ಎರಡು ಗೋಣಿಯಲ್ಲಿ ತುಂಬಲು ಹೊರಟರೆ ಇದು ಯಾವುದರಲ್ಲೂ ಹಿಡಿಸುವುದಿಲ್ಲ.

ಕನ್ನಡ ಪ್ರಬಂಧ ಸ್ಪರ್ಧೆಯಲ್ಲಿ ಕನ್ನಡವೇ ಅವನದ್ದಲ್ಲದ ಕಾರಣ ಬಹುಮಾನ ಕೊಡಲಿಲ್ಲ. ಆದರೆ ವಾಚನಾಲಯದ ವಾರ್ಷಿಕ ಸಂಚಿಕೆಯಲ್ಲಿ ಹಾಕೋಣ ಎಂದೆ. ಶೀರ್ಷಿಕೆಯ ಕೆಳಗೆ ಅವನೇ ಬರೆದುಕೊಟ್ಟ ಸಾಲು ಬರುತ್ತದೆ: "ಹೇಳಿದ್ದು ಅಜ್ಜಿ, ಕನ್ನಡ ಮಾಡಿದ್ದು ಎಐ, ತಿದ್ದಿದ್ದು ನಾನು." ಸಮಿತಿಯ ಒಬ್ಬರಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. ಎಐ ಎಂಬ ಹೆಸರು ನಮ್ಮ ಸಂಚಿಕೆಯಲ್ಲಿ ಅಚ್ಚಾಗುವುದೇ ಬೇಡ ಎನ್ನುತ್ತಾರೆ. ಬರುವ ಆದಿತ್ಯವಾರ ಮತ್ತೆ ಸಭೆ ಇದೆ. ಹುಡುಗನಿಗೂ ಬರಲು ಹೇಳಿದ್ದೇನೆ, ರೆಕಾರ್ಡ್ ಇರುವ ಫೋನನ್ನು ತರಲು ಹೇಳಿದ್ದೇನೆ. ಅಜ್ಜಿ ಮಾತಾಡಿದ್ದನ್ನು ಅವರೂ ಒಮ್ಮೆ ಕೇಳಲಿ.

ನಮಸ್ಕಾರ.